ರೇಡಾರ್‌ನ ಬೆನ್ನಿಗೆ ಕೂತವಳ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ನನ್ನ ಮಗಳು ಎರಡು ವರ್ಷಗಳಿಂದ ಎ320 ವಿಮಾನದಲ್ಲಿ ಸಹಪೈಲಟ್. ಈಗ ಮದುವೆಯ ಮಾತುಕತೆ ನಡೆಯುತ್ತಿದೆ. ಬೀಗರಾಗುವವರ ಕಡೆಯ ಹಿರಿಯರೊಬ್ಬರು, ‘ವಿಮಾನದ ಮೂತಿಯಲ್ಲಿ ರೇಡಾರ್ ಇರುತ್ತದೆ. ಅದು ಎಕ್ಸ್ ಬ್ಯಾಂಡ್, ಎಂದರೆ ಎಕ್ಸ್‌ರೇ ಇದ್ದ ಹಾಗೆ. ಅದರ ಬೆನ್ನಿಗೇ ಕೂತು ದುಡಿಯುವವರಿಗೆ ಮಕ್ಕಳಾಗುವುದು ಕಷ್ಟ, ಆದರೂ ಹೆಣ್ಣೇ’ ಎಂದರು. ಮಗಳು ನಕ್ಕು ಸುಮ್ಮನಾದಳು. ನನಗೆ ನಗು ಬರಲಿಲ್ಲ. ಹಾರುವ ಮೊದಲು ಅವಳು ವಿಮಾನದ ಸುತ್ತ ನಡೆದು ಮೂತಿಯ ಕೆಳಗೂ ನಿಂತು ಪರೀಕ್ಷಿಸುತ್ತಾಳೆ. ನಿಜವಾಗಿಯೂ ಅಪಾಯವಿದೆಯೇ? ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಹಾಕಿಕೊಳ್ಳುವಂಥ ಸೀಸದ ಅಂಗಿ ಕೊಡಿಸಿದರೆ ಉಪಯೋಗವಾದೀತೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಆ ರೇಡಾರ್‌ನಿಂದ ನಿಮ್ಮ ಮಗಳಿಗೆ ಅಪಾಯವಿಲ್ಲ. ಇಷ್ಟು ಹೇಳಿದರೆ ನಿಮಗೆ ಸಮಾಧಾನವಾಗದು ಎಂದು ಗೊತ್ತು. ‘ಯಾಕಿಲ್ಲ?’ ಎಂದು ಆ ಹಿರಿಯರು ಮತ್ತೆ ಕೇಳಿದರೆ ನಿಮ್ಮ ಬಳಿ ಉತ್ತರ ಇರಬೇಕಲ್ಲ. ನಾನು ನಿವೃತ್ತನಾಗುವವರೆಗೂ ವಿಮಾನಗಳ ರೇಡಿಯೊ ಮತ್ತು ರೇಡಾರ್ ರಿಪೇರಿ ಮಾಡಿದವನು. ಆದ್ದರಿಂದ ಮೂತಿಯನ್ನೇ ಬಿಚ್ಚಿ ತೋರಿಸುತ್ತೇನೆ.

ವಿಮಾನದ ಮೂತಿ ಹೊರಗಿನಿಂದ ಲೋಹದ್ದೇ ಎಂಬಂತೆ ಕಾಣುತ್ತದೆ. ಆದರೆ ಅದು ಗಾಜಿನ ನಾರು, ರಾಳ ಮತ್ತು ಜೇನುಗೂಡಿನಂಥ ಒಳಪದರ ಸೇರಿಸಿ ಮಾಡಿದ ಟೋಪಿ. ರೇಡೋಮ್ ಎಂದು ಅದರ ಹೆಸರು. ಚಿಲಕಗಳನ್ನು ಬಿಡಿಸಿ ಇಬ್ಬರು ಹಿಡಿದು ಎತ್ತಿ, ಊರುಗೋಲು ಕೊಟ್ಟು ನಿಲ್ಲಿಸಿದರೆ ಒಳಗೊಂದು ದುಂಡು ತಟ್ಟೆ ಕಾಣುತ್ತದೆ. ಮದುವೆ ಮನೆಯಲ್ಲಿ ದೋಸೆ ಹುಯ್ಯುವ ದೊಡ್ಡ ಹೆಂಚಿನಷ್ಟು ಅಗಲ, ಸುಮಾರು ಮುಕ್ಕಾಲು ಮೀಟರ್. ಅಲ್ಯೂಮಿನಿಯಂ ಮೈ ತುಂಬ ಸಾಲುಸಾಲಾಗಿ ಸಣ್ಣ ಸೀಳುಗಳು. ರೇಡಿಯೊ ಅಲೆ ಹೊರಬೀಳುವುದು ಆ ಸೀಳುಗಳಿಂದ, ಅವು ಇರುವುದು ತಟ್ಟೆಯ ಮುಂಭಾಗದಲ್ಲಿ ಮಾತ್ರ. ತಟ್ಟೆಯ ಹಿಂದೆ ಅದನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಮೋಟಾರು, ಅದರ ಹಿಂದೆ ಒಳಗಿನ ಗಾಳಿಯ ಒತ್ತಡವನ್ನು ತಡೆದು ನಿಲ್ಲುವ ಲೋಹದ ಗೋಡೆ. ಆ ಗೋಡೆ ದಾಟಿದ ಮೇಲೆ ಪೈಲಟ್‌ಗಳ ಕಾಲ ಬಳಿಯ ಪೆಡಲ್‌ಗಳು, ಆಮೇಲೆ ಅವರ ಸೀಟು.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತೇವೆ. ಗಾದೆ ಹುಟ್ಟಿದ್ದು ಬೇರೆ ಅರ್ಥಕ್ಕೆ, ಆದರೆ ಇಲ್ಲಿ ಅದು ಅಕ್ಷರಶಃ ನಿಜ. ಈ ತಟ್ಟೆ ತನ್ನ ಶಕ್ತಿಯನ್ನು ಮೂರ್ನಾಲ್ಕು ಡಿಗ್ರಿ ಅಗಲದ ಸಪೂರ ಕಿರಣವಾಗಿ ಮುಂದಕ್ಕೆ ಕಳುಹಿಸುತ್ತದೆ. ಮುಂದೆ ಹೋಗುವುದಕ್ಕೆ ಹೋಲಿಸಿದರೆ ಹಿಂದಕ್ಕೆ ಸೋರುವ ತೀವ್ರತೆ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಸೋರಿದ್ದಕ್ಕೂ ಲೋಹದ ಗೋಡೆ ಅಡ್ಡ. ಹೀಗಾಗಿ ವಿಮಾನದಲ್ಲಿ ರೇಡಾರ್‌ಗೆ ಅತ್ಯಂತ ಹತ್ತಿರ ಕೂತವರಿಗೂ ಅದರ ಅಲೆ ತಾಕುವುದು ತೀರಾ ಕಡಿಮೆ. ಹಕ್ಕಿ ಬಡಿದು ರೇಡೋಮ್ ಬಿರುಕು ಬಿಟ್ಟರೆ ‘ವಿಕಿರಣ ಸೋರುತ್ತದೆ’ ಎಂದು ಹೆದರುವವರನ್ನೂ ನೋಡಿದ್ದೇನೆ. ರೇಡೋಮ್ ಅಲೆಯನ್ನು ತಡೆಯುವುದಕ್ಕೆ ಇರುವುದೇ ಅಲ್ಲ. ರೇಡಿಯೊ ಅಲೆಯ ಪಾಲಿಗೆ ಅದು ತೆರೆದ ಕಿಟಕಿ. ಬಿರುಕು ಬಿಟ್ಟರೆ ನೀರು ಒಳಸೇರಿ ರೇಡಾರ್‌ನ ಕಣ್ಣು ಮಂಜಾಗುತ್ತದೆ, ಅಷ್ಟೇ.

ಇನ್ನು ಎಕ್ಸ್ ಬ್ಯಾಂಡ್. ಹಿರಿಯರು ಎಡವಿದ್ದು ಇಲ್ಲಿ. ರೇಡಿಯೊ ಅಲೆಗಳನ್ನು ಎಲ್, ಎಸ್, ಸಿ, ಎಕ್ಸ್ ಎಂದು ಗುಂಪು ಮಾಡಿ ಹೆಸರಿಟ್ಟಿದ್ದಾರೆ. ವಿಮಾನದ ಹವಾಮಾನ ರೇಡಾರ್ ಕೆಲಸ ಮಾಡುವುದು 9.3 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಮೂರು ಸೆಂಟಿಮೀಟರ್‌ಗಿಂತ ತುಸು ಉದ್ದದ ಅಲೆ. ಮಳೆಹನಿಗೆ ಬಡಿದು ಚೆನ್ನಾಗಿ ವಾಪಸು ಬರುತ್ತದೆಂದು ಅದನ್ನು ಆರಿಸಿದ್ದಾರೆ. ಎಕ್ಸ್‌ರೇಗೂ ಇದಕ್ಕೂ ಒಂದು ಅಕ್ಷರ ಬಿಟ್ಟರೆ ಬೇರೆ ನಂಟಿಲ್ಲ. ಎಕ್ಸ್‌ರೇಯ ಒಂದೊಂದು ಕಣಕ್ಕೂ ಅಣುವಿನಿಂದ ಇಲೆಕ್ಟ್ರಾನನ್ನು ಕಿತ್ತೊಗೆಯುವ ಕಸುವಿದೆ. ಜೀವಕೋಶದ ಡಿಎನ್‌ಎ ಮುರಿಯುವುದು ಹಾಗೆ. ಆ ಕೆಲಸಕ್ಕೆ ಹತ್ತು ಇಲೆಕ್ಟ್ರಾನ್ ವೋಲ್ಟ್‌ನಷ್ಟಾದರೂ ಶಕ್ತಿ ಬೇಕು. ಈ ರೇಡಾರ್ ಅಲೆಯ ಒಂದು ಕಣದಲ್ಲಿ ಇರುವುದು ಅದರ ಎರಡು ಲಕ್ಷದ ಒಂದು ಭಾಗಕ್ಕೂ ಕಡಿಮೆ. ಕಣಗಳ ಸಂಖ್ಯೆ ಎಷ್ಟೇ ಹೆಚ್ಚಾದರೂ ಇದು ಮಾಡಬಲ್ಲದ್ದು ಬಿಸಿ ಮಾಡುವುದನ್ನು ಮಾತ್ರ. ಆ ಬಿಸಿಯೂ ಚರ್ಮದಿಂದ ಕೆಲವು ಮಿಲಿಮೀಟರ್ ಒಳಗೆ ಇಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಗರ್ಭಕೋಶ, ಅಂಡಾಶಯದ ತನಕ ತಲುಪುವ ಮಾತೇ ಇಲ್ಲ.

ತಪ್ಪು ಭಾಷೆಯದೂ ಇದೆ. ಹಿರೋಶಿಮಾಕ್ಕೂ ‘ವಿಕಿರಣ’, ಅಡುಗೆಮನೆಯ ಮೈಕ್ರೋವೇವ್ ಒಲೆಗೂ ‘ವಿಕಿರಣ’, ಮೊಬೈಲ್ ಗೋಪುರಕ್ಕೂ ‘ವಿಕಿರಣ’. ಹುಲಿಗೂ ಬೆಕ್ಕಿಗೂ ಒಂದೇ ಹೆಸರಿಟ್ಟು ಕರೆದರೆ ಬೆಕ್ಕು ಬಂದಾಗಲೂ ಜನ ಓಡುತ್ತಾರೆ.

ಆದರೆ ಹಿರಿಯರನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ರೇಡಾರ್ ಕೆಲಸಗಾರರಿಗೆ ಎಕ್ಸ್‌ರೇ ತಗುಲಿದ ನಿಜವಾದ ಪ್ರಕರಣ ಒಂದಿದೆ. ಜರ್ಮನಿಯ ಸೇನೆಯಲ್ಲಿ ದಶಕಗಳ ಹಿಂದೆ ದೊಡ್ಡ ರೇಡಾರ್‌ಗಳನ್ನು ರಿಪೇರಿ ಮಾಡುತ್ತಿದ್ದ ಅನೇಕರು ಮುಂದೆ ಕ್ಯಾನ್ಸರ್‌ಗೆ ಗುರಿಯಾಗಿ ಪರಿಹಾರ ಕೇಳಿದರು. ಅಲ್ಲಿನ ಸಂಸತ್ತಿನ ಒತ್ತಾಯದ ಮೇಲೆ ತಜ್ಞರ ಆಯೋಗ ರಚನೆಯಾಗಿ 2003ರಲ್ಲಿ ವರದಿ ಕೊಟ್ಟಿತು. ಆದರೆ ಆ ಎಕ್ಸ್‌ರೇ ಬಂದದ್ದು ಆಂಟೆನಾದ ಕಿರಣದಿಂದಲ್ಲ. ಸಾವಿರಾರು ವೋಲ್ಟ್‌ನಲ್ಲಿ ಕೆಲಸ ಮಾಡುವ ಹಳೆಯ ಪ್ರಸಾರ ಕೊಳವೆಗಳು ಒಳಗೊಳಗೇ ಎಕ್ಸ್‌ರೇ ಹುಟ್ಟಿಸುತ್ತಿದ್ದವು. ಪೆಟ್ಟಿಗೆಯ ಮುಚ್ಚಳ ತೆಗೆದು, ಯಂತ್ರ ಚಾಲೂ ಇರುವಾಗಲೇ ತಲೆ ಒಳಗಿಟ್ಟು ಕೆಲಸ ಮಾಡಿದವರಿಗೆ ಅದು ತಗುಲಿತ್ತು. ಕತ್ತಲಲ್ಲಿ ಹೊಳೆಯಲೆಂದು ಉಪಕರಣಗಳ ಮುಖಕ್ಕೆ ಬಳಿದ ರೇಡಿಯಂ ಬಣ್ಣದ್ದೂ ಅದರಲ್ಲಿ ಪಾಲಿತ್ತು. ನಿಮ್ಮ ಮಗಳ ವಿಮಾನದ ರೇಡಾರ್‌ನಲ್ಲಿ ಅಂಥ ಕೊಳವೆಯೇ ಇಲ್ಲ. ಎಲ್ಲವೂ ಅರೆವಾಹಕ ಬಿಲ್ಲೆಗಳು, ಅಂದರೆ ಸೆಮಿಕಂಡಕ್ಟರ್ ಚಿಪ್‌ಗಳು.

ಕೊಳವೆ ಹೋಗಿ ಬಿಲ್ಲೆ ಬಂದದ್ದರಿಂದ ಎಷ್ಟು ವ್ಯತ್ಯಾಸವಾಯಿತು ಎಂದು ಒಮ್ಮೆ ಲೆಕ್ಕ ಹಾಕೋಣ. ಲೆಕ್ಕ ಬೇಡದವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ರೇಡಾರ್ ಸದಾ ಉರಿಯುವ ದೀಪವಲ್ಲ. ಅದು ಕ್ಷಣಕ್ಕೊಮ್ಮೆ ಕೂಗಿ, ಉಳಿದ ಹೊತ್ತೆಲ್ಲ ಪ್ರತಿಧ್ವನಿಗೆ ಕಿವಿಗೊಟ್ಟು ಕೂತಿರುತ್ತದೆ. ಇಂದಿನ ಒಂದು ರೇಡಾರ್ 150 ವ್ಯಾಟ್‌ನಲ್ಲಿ ಕೂಗುತ್ತದೆ, ಪ್ರತಿ ಕೂಗು ಸೆಕೆಂಡಿನ ಹತ್ತು ಲಕ್ಷದಲ್ಲಿ ಆರು ಭಾಗದಷ್ಟು ಹೊತ್ತು, ಸೆಕೆಂಡಿಗೆ 800 ಸಲ ಎಂದುಕೊಳ್ಳಿ. ಸರಾಸರಿ ಹಿಡಿದರೆ ಮುಕ್ಕಾಲು ವ್ಯಾಟ್ ಕೂಡ ಆಗದು. ತಟ್ಟೆಯ ಮುಂದೆ, ಕೈಯಳತೆಯ ದೂರದಲ್ಲಿ, ಅತಿ ಕೆಟ್ಟ ಸನ್ನಿವೇಶದಲ್ಲೂ ಚದರ ಮೀಟರ್‌ಗೆ ಸುಮಾರು ಆರೂವರೆ ವ್ಯಾಟ್. ಅಯಾನೀಕರಿಸದ (ಇಲೆಕ್ಟ್ರಾನ್ ಕೀಳಲಾರದ) ವಿಕಿರಣಗಳಿಂದ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ, ಅಂದರೆ ಐಸಿಎನ್‌ಐಆರ್‌ಪಿ, ಈ ಆವರ್ತನದಲ್ಲಿ ಸಾಮಾನ್ಯ ಜನರ ಇಡೀ ಮೈಗೆ ಇಟ್ಟಿರುವ ಮಿತಿ ಚದರ ಮೀಟರ್‌ಗೆ 10 ವ್ಯಾಟ್, ಕೆಲಸದ ನಿಮಿತ್ತ ಒಡ್ಡಿಕೊಳ್ಳುವವರಿಗೆ 50. ಮಧ್ಯಾಹ್ನದ ಬಿಸಿಲು ನಮ್ಮ ಮೈಮೇಲೆ ಸುರಿಯುವ ಶಾಖ ಚದರ ಮೀಟರ್‌ಗೆ ಸಾವಿರ ವ್ಯಾಟ್‌ನಷ್ಟು.

ಇದೇ ಲೆಕ್ಕವನ್ನು ನಲವತ್ತು-ಐವತ್ತು ವರ್ಷ ಹಿಂದಿನ, ಮ್ಯಾಗ್ನೆಟ್ರಾನ್ ಕೊಳವೆಯ ರೇಡಾರ್‌ಗೆ ಹಾಕಿ. ಕೂಗಿನ ಶಕ್ತಿ 50 ಕಿಲೋವ್ಯಾಟ್, ಸರಾಸರಿ 50 ವ್ಯಾಟ್. ತಟ್ಟೆಯ ಮುಂದೆ ಚದರ ಮೀಟರ್‌ಗೆ ನಾನ್ನೂರೈವತ್ತು ವ್ಯಾಟ್‌ವರೆಗೆ ಏರಬಹುದು. ಅದು ಸಾಮಾನ್ಯ ಜನರಿಗೆ ಇಂದು ಇರುವ ಮಿತಿಗೆ ಇಳಿಯಬೇಕಾದರೆ ಮೂವತ್ತು ಮೀಟರ್‌ಗೂ ಹೆಚ್ಚು ದೂರ ಹೋಗಬೇಕು. ಮ್ಯಾಗ್ನೆಟ್ರಾನ್ ಎಂದರೆ ಮೈಕ್ರೋವೇವ್ ಒಲೆಯ ಒಳಗಿರುವ ಅದೇ ವಸ್ತು. ಒಲೆ ಹುಟ್ಟಿದ್ದೇ ರೇಡಾರ್ ಕಾರ್ಖಾನೆಯಲ್ಲಿ. ಹಳೆಯ ಹ್ಯಾಂಗರ್‌ಗಳಲ್ಲಿ ಓಡಾಡುತ್ತಿದ್ದ ಭಯದ ಕಥೆಗಳಿಗೆ ಆಗ ಕಾರಣವಿತ್ತು. ರೇಡಾರ್ ಬದಲಾಯಿತು, ಕಥೆ ಹಾಗೇ ಉಳಿಯಿತು.

ಆ ಕಾಲದಲ್ಲಿ ನಾವು ಹೆದರುತ್ತಿದ್ದುದು ಮುಖ್ಯವಾಗಿ ಕಣ್ಣಿಗೆ. ಕಣ್ಣಿನ ಮಸೂರದಲ್ಲಿ ರಕ್ತನಾಳಗಳಿಲ್ಲ. ಬೇರೆ ಕಡೆ ಚರ್ಮ ಬಿಸಿಯಾದರೆ ರಕ್ತ ಹರಿದು ತಂಪು ಮಾಡುತ್ತದೆ, ಮಸೂರಕ್ಕೆ ಆ ಅನುಕೂಲ ಇಲ್ಲ. ಮೊಲಗಳ ಕಣ್ಣಿನ ಹತ್ತಿರವೇ ಮೈಕ್ರೋವೇವ್ ಹಿಡಿದು ಮಾಡಿದ ಪ್ರಯೋಗಗಳಲ್ಲಿ ಪೊರೆ ಬಂದದ್ದುಂಟು. ಆದರೆ ಅದಕ್ಕೆ ಚದರ ಮೀಟರ್‌ಗೆ ಸಾವಿರ ವ್ಯಾಟ್‌ಗೂ ಮೀರಿದ ತೀವ್ರತೆ ಬೇಕಾಗಿತ್ತು, ಅದೂ ಗಂಟೆಗಟ್ಟಲೆ.

ಒಂದು ಘಟನೆ ಹೇಳುತ್ತೇನೆ. ಎಂಬತ್ತರ ದಶಕದ ಕೊನೆ, ನಾನಾಗ ಹೊಸಬ. ರೇಡೋಮ್ ಎತ್ತಿ ನಿಲ್ಲಿಸಿದ್ದ ಹಳೆಯ ವಿಮಾನದ ಮುಂದೆ ಸಾಮಾನು ಹೇರುವ ಹುಡುಗನೊಬ್ಬ ಎಳೆಯುವ ಟ್ರಾಕ್ಟರಿನ ಬಾನೆಟ್ ಮೇಲೆ ಕೂತು ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ದ. ಅವನ ತಲೆ, ತಟ್ಟೆ, ಎರಡೂ ಒಂದೇ ಎತ್ತರದಲ್ಲಿ. ಕಾಕ್‌ಪಿಟ್‌ನಲ್ಲಿದ್ದ ನಮ್ಮವನೊಬ್ಬ ಅದನ್ನು ಗಮನಿಸದೆ ರಿಪೇರಿಯಾದ ರೇಡಾರ್ ಪರೀಕ್ಷಿಸಲು ಗುಂಡಿ ತಿರುಗಿಸಿದ. ತಟ್ಟೆ ಅಲುಗಾಡತೊಡಗಿದ್ದನ್ನು ಕಂಡ ನಮ್ಮ ಹಿರಿಯ ಮೆಕ್ಯಾನಿಕ್ ಕೂಗುತ್ತ ಓಡಿ ಹುಡುಗನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ಚಿತ್ರಾನ್ನ ನೆಲದ ಪಾಲಾಯಿತು. ಹುಡುಗನಿಗೆ ಏನೂ ಆಗಲಿಲ್ಲ. ಹಳೆಯ ಕೊಳವೆ ಕಾದು ಸಿದ್ಧವಾಗಲು ಕೆಲವು ನಿಮಿಷ ಬೇಕಾಗಿದ್ದುದೇ ಅವನ ಪುಣ್ಯ. ಆ ದಿನದಿಂದ ರೇಡೋಮ್ ಮುಟ್ಟುವ ಮೊದಲು ಸರ್ಕ್ಯೂಟ್ ಬ್ರೇಕರ್ ಎಳೆದು, ಅದರ ಕುತ್ತಿಗೆಗೆ ಕೆಂಪು ಕ್ಲಿಪ್ ಹಾಕಿ, ‘ಮುಟ್ಟಬೇಡಿ’ ಎಂಬ ಚೀಟಿ ಕಟ್ಟುವುದು ನನಗೆ ಹಲ್ಲುಜ್ಜಿದಷ್ಟೇ ಅಭ್ಯಾಸವಾಯಿತು.

ರೇಡಾರ್ ವಿಚಾರದಲ್ಲಿ ಯಾರಾದರೂ ಎಚ್ಚರ ವಹಿಸಬೇಕಿದ್ದರೆ ಅದು ಮುಂದೆ ನಿಲ್ಲುವವರ ಸಲುವಾಗಿ: ರಿಪೇರಿಯವರು, ಸಾಮಾನು ಹೇರುವವರು, ಟ್ರಾಕ್ಟರ್ ಚಾಲಕರು, ಕೈಕೋಲು ಬೀಸಿ ವಿಮಾನವನ್ನು ನಿಲ್ಲಿಸುವವರು. ಅವರನ್ನು ಕಾಯುವ ಗುಂಡಿ ಇರುವುದು ನಿಮ್ಮ ಮಗಳ ಕೈಯಲ್ಲಿ. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತ 1980ರಲ್ಲೇ 20-68ಬಿ ಎಂಬ ಸುತ್ತೋಲೆಯಲ್ಲಿ ಇದನ್ನು ವಿವರಿಸಿದೆ. ಆಂಟೆನಾ ಮುಂದೆ ಜನರಿರುವಾಗ ರೇಡಾರ್ ಹಾಕಬಾರದು. ಇಂಧನ ತುಂಬುವಾಗ ಹಾಕಬಾರದು. ಹ್ಯಾಂಗರ್ ಒಳಗೂ ಬೇಡ, ಏಕೆಂದರೆ ಲೋಹದ ಗೋಡೆಗೆ ಬಡಿದು ಹಿಂದಿರುಗಿದ ಅಲೆ ಜನರನ್ನೂ ತಟ್ಟಬಹುದು, ರೇಡಾರ್‌ನ ಸ್ವಂತ ಕಿವಿಯನ್ನೇ ಕೆಡಿಸಲೂಬಹುದು. ಹೊಸ ವಿಮಾನಗಳ ಕೈಪಿಡಿಗಳು ಜನರಿಂದ ಇಡಬೇಕಾದ ದೂರವನ್ನು ಕೆಲವೇ ಮೀಟರ್‌ಗೆ ಇಳಿಸಿವೆ. ಲೆಕ್ಕದಲ್ಲಿ ಮಿತಿ ದಾಟದಿದ್ದರೂ ಇದೇಕೆ ಎಂದು ಯುವ ಪೈಲಟ್‌ಗಳು ಕೇಳುವುದುಂಟು. ಅಂಗಳದಲ್ಲಿ ದುಡಿಯುವವನಿಗೆ ಯಾವ ಮೂತಿಯೊಳಗೆ ಹೊಸ ರೇಡಾರ್ ಇದೆ, ಯಾವುದರಲ್ಲಿ ಹಳೆಯದು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಎಲ್ಲ ಮೂತಿಗೂ ಒಂದೇ ಅಭ್ಯಾಸ ಇರಲಿ ಎನ್ನುವುದು ನನ್ನ ಮತ.

ಎ320ರಲ್ಲಿ ಇನ್ನೊಂದು ಸೂಕ್ಷ್ಮವಿದೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಇಳಿಯುತ್ತಿದ್ದ ಡೆಲ್ಟಾ 191 ವಿಮಾನವನ್ನು ಗುಡುಗುಮೋಡದಿಂದ ಧುಮ್ಮಿಕ್ಕಿದ ಗಾಳಿ ನೆಲಕ್ಕೆ ಅಪ್ಪಳಿಸಿತು. 137 ಜನ ಸತ್ತರು. ಅಂಥ ಗಾಳಿಯನ್ನು ಮುಂಚೆಯೇ ಪತ್ತೆಹಚ್ಚುವ ಶಕ್ತಿ ತೊಂಬತ್ತರ ದಶಕದಲ್ಲಿ ಹವಾಮಾನ ರೇಡಾರ್‌ಗೆ ಬಂತು. ಆ ಸೌಲಭ್ಯದ ಗುಂಡಿ ‘ಆಟೋ’ದಲ್ಲಿದ್ದರೆ, ನೆಲದ ಹತ್ತಿರ ಪೈಲಟ್ ರೇಡಾರ್ ಹಾಕದಿದ್ದರೂ ಅದು ತಾನಾಗಿ ಎದ್ದು ಗಾಳಿಯನ್ನು ಹುಡುಕುತ್ತದೆ. ಆದ್ದರಿಂದಲೇ ಇಳಿದ ಮೇಲೆ ರೇಡಾರ್ ಮತ್ತು ಈ ಸೌಲಭ್ಯ ಎರಡನ್ನೂ ಆರಿಸುವುದು ಕಡ್ಡಾಯ ಕ್ರಮದಲ್ಲಿ ಸೇರಿದೆ. ಮುಂದಿನ ಹಾರಾಟಕ್ಕೆ ಕಾಕ್‌ಪಿಟ್ ಸಿದ್ಧಪಡಿಸುವಾಗ ಎರಡೂ ಆರಿವೆಯೇ ಎಂದು ಮತ್ತೆ ನೋಡುತ್ತಾರೆ. ನಿಮ್ಮ ಮಗಳು ಮೂತಿಯ ಕೆಳಗೆ ನಿಲ್ಲುವುದು ಎಂಜಿನ್ ನಿಂತು, ರೇಡಾರ್ ಆರಿದ ಮೇಲೆ. ಏಪ್ರಿಲ್-ಮೇ ತಿಂಗಳ ಸಂಜೆ ಬೆಂಗಳೂರಿನ ಮೇಲೆ ಗುಡುಗುಮೋಡ ಕಟ್ಟಿದಾಗ, ಹಾರಲು ಸಾಲಾಗಿ ನಿಂತ ವಿಮಾನಗಳು ಒಂದರ ಬೆನ್ನಿಗೊಂದು ರೇಡಾರ್ ಹಾಕಿಕೊಂಡಿರುತ್ತವೆ, ನಿಜ. ಐವತ್ತು ಮೀಟರ್ ಹಿಂದಿನ ವಿಮಾನದ ಕಿರಣ ಮುಂದಿನದನ್ನು ಮುಟ್ಟುವಾಗ ಚದರ ಮೀಟರ್‌ಗೆ ವ್ಯಾಟ್‌ನ ಹತ್ತನೇ ಒಂದು ಭಾಗವೂ ಉಳಿದಿರುವುದಿಲ್ಲ. ಅದೂ ತಟ್ಟೆ ತಿರುಗುತ್ತ ಒಂದು ಕ್ಷಣ ಸವರಿ ಹೋಗುವುದು, ಅದೂ ಲೋಹದ ಮೈಯನ್ನು.

ಮಕ್ಕಳ ವಿಚಾರ. ‘ಪೈಲಟ್‌ಗಳಿಗೆ ಹೆಣ್ಣುಮಕ್ಕಳೇ’ ಎನ್ನುವುದು ಪ್ರಪಂಚದ ವಾಯುನೆಲೆಗಳಲ್ಲೆಲ್ಲ ಓಡಾಡುವ ಹಳೆಯ ಹರಟೆ. ಹುಟ್ಟಿದ್ದು ಗಂಡಸರೇ ಪೈಲಟ್‌ಗಳಾಗಿದ್ದ ಕಾಲದಲ್ಲಿ, ತಂದೆಯ ಬಗ್ಗೆ. ಅದನ್ನು ಎಳೆತಂದು ಒಬ್ಬ ಹೆಣ್ಣುಮಗಳ ಮೇಲೆ ಹೊರಿಸುವಾಗ, ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ವೀರ್ಯಾಣುವಿನಿಂದ ಎಂಬ ಶಾಲೆಯ ಪಾಠವನ್ನಾದರೂ ನೆನಪಿಸಿಕೊಳ್ಳಬಹುದಿತ್ತು. ನಾನು ವೃತ್ತಿಜೀವನವಿಡೀ ಆ ತಟ್ಟೆಯ ಮುಂದೆಯೇ ನಿಂತವನು, ನನಗೆ ಇಬ್ಬರು ಗಂಡುಮಕ್ಕಳು. ಅದೂ ಯಾವುದಕ್ಕೂ ಪುರಾವೆಯಲ್ಲ. ಹೆಣ್ಣು ಹುಟ್ಟುವುದನ್ನು ರೇಡಾರ್‌ನ ಹಾನಿಗಳ ಪಟ್ಟಿಗೆ ಸೇರಿಸುವ ಮನೆಗೆ ಮಗಳನ್ನು ಕೊಡಬೇಕೇ ಎನ್ನುವುದು ನನ್ನ ವಿಷಯದ ವ್ಯಾಪ್ತಿಗೆ ಬರುವುದಿಲ್ಲ, ಆದರೂ ಹೇಳಿಬಿಟ್ಟೆ.

ನೀವು ಕೇಳದಿದ್ದರೂ ಒಂದು ಸಂಗತಿ ತಿಳಿಸಲೇಬೇಕು. ಪೈಲಟ್‌ಗಳಿಗೆ ಮತ್ತು ಗಗನಸಖಿಯರಿಗೆ ಎಕ್ಸ್‌ರೇ ಜಾತಿಗೆ ಸೇರಿದ ವಿಕಿರಣ ನಿಜವಾಗಿಯೂ ತಗುಲುತ್ತದೆ. ಅದು ಬರುವುದು ಮೂತಿಯಿಂದಲ್ಲ, ಆಕಾಶದಿಂದ. ನಕ್ಷತ್ರಲೋಕದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ನೆಲದ ಮೇಲಿರುವ ನಮಗೆ ದಪ್ಪನೆಯ ಗಾಳಿಯ ಹೊದಿಕೆ ತಡೆಯುತ್ತದೆ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಆ ಹೊದಿಕೆ ತೆಳು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1990ರ ಶಿಫಾರಸುಗಳಲ್ಲೇ ಜೆಟ್ ವಿಮಾನದ ಸಿಬ್ಬಂದಿಗೆ ತಗುಲುವ ಈ ವಿಕಿರಣವನ್ನು ಕೆಲಸದ ಭಾಗವೆಂದು ಪರಿಗಣಿಸಬೇಕೆಂದಿತು.

ಇಲ್ಲಿ ದಕ್ಷಿಣ ಭಾರತದವರ ಅದೃಷ್ಟ ದೊಡ್ಡದು. ಕಾಸ್ಮಿಕ್ ಕಣಗಳಿಗೆ ವಿದ್ಯುದಾವೇಶ ಇರುವುದರಿಂದ ಭೂಮಿಯ ಕಾಂತಕ್ಷೇತ್ರ ಅವನ್ನು ಬಾಗಿಸಿ ಆಚೆ ತಳ್ಳುತ್ತದೆ. ಹಾಗೆ ತಳ್ಳುವ ಬಲ ಅತಿ ಹೆಚ್ಚಾಗಿರುವುದು ಕಾಂತ ಸಮಭಾಜಕದ, ಅಂದರೆ ಆ ಕಾಂತಕ್ಷೇತ್ರದ ನಡುರೇಖೆಯ ಸುತ್ತ. ಆ ರೇಖೆ ಹಾದುಹೋಗುವುದು ನಮ್ಮ ದಕ್ಷಿಣದ ತುದಿಯ ಮೇಲೆ. 1940ರ ದಶಕದಲ್ಲಿ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ವಿಮಾನದಲ್ಲಿ ಉಪಕರಣ ಹಾರಿಸಿ ಈ ಕಿರಣಗಳನ್ನು ಅಳೆದದ್ದಕ್ಕೆ ಇಲ್ಲಿನ ಅಕ್ಷಾಂಶವೂ ಒಂದು ಆಕರ್ಷಣೆ. ಬೆಂಗಳೂರು ಸೀಮೆಯ ಆಕಾಶದಲ್ಲಿ ಜೆಟ್ ಹಾರುವ ಎತ್ತರಕ್ಕೆ ಗಂಟೆಗೆ ಸುಮಾರು 2 ಮೈಕ್ರೋಸೀವರ್ಟ್ (ಮೈಗೆ ತಗುಲುವ ಇಂಥ ವಿಕಿರಣದ ಅಳತೆ ಇದು, ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್), ಧ್ರುವದ ಹತ್ತಿರ ಅದೇ ಎತ್ತರದಲ್ಲಿ 5ರಿಂದ 6. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಮಹಿಳಾ ಪೈಲಟ್‌ಗಳೇ ವಿಮಾನ ತಂದದ್ದು ನಿಮಗೆ ನೆನಪಿರಬಹುದು. ಅಂಥ ದೀರ್ಘಯಾನ ಮಾಡುವವರ ಪಾಲಿಗೆ ಬರುವುದು ಹೆಚ್ಚು. ನಿಮ್ಮ ಮಗಳು ದೇಶದೊಳಗಿನ ಮಾರ್ಗಗಳಲ್ಲಿ ವರ್ಷಕ್ಕೆ ಎಂಟುನೂರು ಗಂಟೆ ಹಾರಿದರೆ ಹೆಚ್ಚೂಕಡಿಮೆ 1.6 ಮಿಲಿಸೀವರ್ಟ್. ಭೂಮಿಯ ಮೇಲೆ ಸುಮ್ಮನೆ ಬದುಕಿರುವುದಕ್ಕೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗುಲುತ್ತದೆ. ವಿಕಿರಣದೊಂದಿಗೆ ಕೆಲಸ ಮಾಡುವವರಿಗೆ ನಮ್ಮ ದೇಶದಲ್ಲಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20.

ಈ ಲೆಕ್ಕ ನಿಜವಾಗಿ ಮುಖ್ಯವಾಗುವುದು ಬಸುರಿಯಾದಾಗ. ಗರ್ಭಿಣಿ ಎಂದು ಸಂಸ್ಥೆಗೆ ತಿಳಿಸಿದ ಮೇಲೆ ಭ್ರೂಣಕ್ಕೆ ಹೆಚ್ಚುವರಿಯಾಗಿ ಬೀಳುವ ಪ್ರಮಾಣ ಒಂದು ಮಿಲಿಸೀವರ್ಟ್ ದಾಟಬಾರದು ಎನ್ನುವುದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಸಲಹೆ. ಆದ್ದರಿಂದ ಆ ಸುದ್ದಿಯನ್ನು ಮೂರು ತಿಂಗಳು ಗುಟ್ಟಾಗಿಡುವ ನಮ್ಮ ಮನೆಗಳ ಪದ್ಧತಿಯನ್ನು ಅವಳು ಪಾಲಿಸುವುದು ಬೇಡ. ಗೊತ್ತಾದ ದಿನವೇ ಸಂಸ್ಥೆಯ ವೈದ್ಯಾಧಿಕಾರಿಗೆ ಹೇಳಲಿ. ನೆಂಟರಿಗೆ ಬೇಕಾದರೆ ಆಮೇಲೆ ಹೇಳಿ.

ಇನ್ನು ಸೀಸದ ಅಂಗಿ. ಆಸ್ಪತ್ರೆಯ ಅಂಗಿಯಲ್ಲಿರುವ ಸೀಸ ಅರ್ಧ ಮಿಲಿಮೀಟರ್‌ನಷ್ಟು ತಡೆ. ಚದುರಿ ಬರುವ ಮೆದು ಎಕ್ಸ್‌ರೇಗೆ ಅದು ಸಾಕು. ಕಾಸ್ಮಿಕ್ ಕಣಗಳು ವಿಮಾನದ ಚಾವಣಿಯನ್ನು ದಾಟಿ ಬಂದಂತೆಯೇ ಅದನ್ನೂ ದಾಟಿ ಹೋಗುತ್ತವೆ. ರೇಡಾರ್ ಅಲೆಯೋ, ಅವಳ ತನಕ ಬರುವುದೇ ಇಲ್ಲ. ನಾಲ್ಕೈದು ಕಿಲೋ ತೂಕದ ಅದನ್ನು ಹೊತ್ತು ಕೂತರೆ ಐದು ಪಟ್ಟಿಯ ಸೀಟ್ ಬೆಲ್ಟ್ ಸರಿಯಾಗಿ ಬಿಗಿಯುವುದಕ್ಕೂ ಆಗದು. ಆ ದುಡ್ಡಿನಲ್ಲಿ ಅವಳಿಗೊಂದು ಒಳ್ಳೆಯ ಕಪ್ಪು ಕನ್ನಡಕ ಕೊಡಿಸಿ. ಮೋಡದ ಮೇಲಿನ ಬಿಸಿಲಿಗೆ ನಿಜವಾಗಿಯೂ ಬೇಕಾಗುತ್ತದೆ. ಪೋಲರೈಸ್ಡ್ ಗಾಜು ಮಾತ್ರ ಬೇಡ, ಕಾಕ್‌ಪಿಟ್‌ನ ಕೆಲವು ಪರದೆಗಳು ಅದರಲ್ಲಿ ಕಪ್ಪಾಗಿ ಕಾಣುತ್ತವೆ.